‘ಈಗಷ್ಟೇ ಇತ್ತು’ ಎಂಬ ಪಕ್ಷಿಯ ಅಸ್ತಿತ್ವ ನಿರ್ಣಯ

ನಮ್ಮ ಕರಾವಳಿಯ ಹಕ್ಕಿಗಳನ್ನು ಕುರಿತ ಪುಸ್ತಕಗಳಲ್ಲೆಲ್ಲ ಒಂದು ಅಕ್ಷಮ್ಯ ಲೋಪವಿದೆ. ಆಶ್ವೀಜ, ಕಾರ್ತೀಕ ಮಾಸಗಳಲ್ಲಿ ಕುಮಟಾ–ಹೊನ್ನಾವರ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚು ವರದಿಯಾಗುವ ಪಕ್ಷಿಯ ಹೆಸರೇ ಅವುಗಳಲ್ಲಿಲ್ಲ. ಸಲೀಂ ಅಲಿಯವರು ಅದನ್ನು ಬಿಟ್ಟಿದ್ದಾರೆ. ತೇಜಸ್ವಿಯವರ ‘ಹಕ್ಕಿ ಪುಕ್ಕ’ದಲ್ಲೂ ಅದು ಸಿಗುವುದಿಲ್ಲ. ಆದರೆ ಅಳಿವೆಯ ದಂಡೆಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತ ಯಾರನ್ನಾದರೂ ‘ಎಲ್ಲಿ, ತೋರಿಸಿ’ ಎಂದು ಕೇಳಿ. ತಕ್ಷಣ ದಾಖಲಾಗುವುದು ಇದೊಂದೇ ಹಕ್ಕಿ: ‘ಈಗಷ್ಟೇ ಇತ್ತು.’ ಈ ಕೊರತೆಯನ್ನು ತುಂಬುವ ಮೊದಲ ಶಾಸ್ತ್ರೀಯ ಪ್ರಯತ್ನವೆಂಬ ಹೆಮ್ಮೆಯಿಂದ, ತಕ್ಕಮಟ್ಟಿನ ವಿನಯದೊಂದಿಗೆ, ಪ್ರಸ್ತುತ ಪ್ರಬಂಧವನ್ನು ವಿದ್ವತ್ ಲೋಕದ ಮುಂದಿಡಲಾಗಿದೆ.

ಅಧ್ಯಯನದ ಕೇಂದ್ರವಾಗಿ ಧಾರೇಶ್ವರವನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಒಂದು ಭೌಗೋಳಿಕ. ಉತ್ತರಕ್ಕೆ ಕುಮಟೆ ದಾಟಿದರೆ ಅಘನಾಶಿನಿಯ ಅಳಿವೆ, ದಕ್ಷಿಣಕ್ಕೆ ಹೊನ್ನಾವರದಲ್ಲಿ ಶರಾವತಿಯ ಅಳಿವೆ. ನಡುವೆ ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಕುಳಿತ ಧಾರೇಶ್ವರದಿಂದ ಎರಡೂ ಕಡೆಯ ಹಕ್ಕಿಗಳನ್ನು ಸಮಾನವಾಗಿ ತಪ್ಪಿಸಿಕೊಳ್ಳಬಹುದು. ಇನ್ನೊಂದು ಪೌರಾಣಿಕ, ಅದೇ ಹೆಚ್ಚು ತೂಕದ್ದು. ಆತ್ಮಲಿಂಗದ ಕಥೆಯೊಂದಿಗೆ ಬೆಸೆದುಕೊಂಡ ಪಂಚಕ್ಷೇತ್ರಗಳಲ್ಲಿ ಧಾರೇಶ್ವರವೂ ಒಂದು. ಆ ಕಥೆಯನ್ನು ಭಕ್ತರು ಓದಿದ್ದಾರೆ, ಪಕ್ಷಿತಜ್ಞರು ಸರಿಯಾಗಿ ಓದಿಲ್ಲ. ವಿಷ್ಣು ಸೂರ್ಯನನ್ನು ಮರೆಮಾಡಿದ. ಸಂಜೆಯಾಯಿತೆಂದು ನಂಬಿ ರಾವಣ ಸಂಧ್ಯಾವಂದನೆಗೆ ಹೊರಟ. ಲಿಂಗವನ್ನು ಹುಡುಗನ ಕೈಗಿತ್ತ. ತಿರುಗಿ ಬರುವಷ್ಟರಲ್ಲಿ ಕೈ ಖಾಲಿ. ಮಂದ ಬೆಳಕಿನಿಂದ ಕ್ಷೇತ್ರಕಾರ್ಯ ಕೆಟ್ಟುಹೋದ ಈ ಕರಾವಳಿಯ ಮೊದಲ ನಿದರ್ಶನವಿದು. ಹತ್ತು ತಲೆ, ಇಪ್ಪತ್ತು ಕಣ್ಣುಗಳಿದ್ದ ವೀಕ್ಷಕನೇ ‘ಈಗಷ್ಟೇ ಇತ್ತು’ ಎನ್ನಬೇಕಾಗಿ ಬಂದಿತೆಂದಮೇಲೆ ಎಂಟು ಪಟ್ಟು ದೊಡ್ಡದಾಗಿ ತೋರಿಸುವ ದುರ್ಬೀನಿನ ಎರಡು ಕಣ್ಣುಗಳವರನ್ನು ಆಡಿಕೊಳ್ಳುವುದು ಅನ್ಯಾಯ.

ಈಗ ಜಲಭೂಮಿಯ ವಿಚಾರ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿ, ದೊಡ್ಡ ಅಣೆಕಟ್ಟು ಯಾವುದನ್ನೂ ಕಾಣದೆ ಕಡಲು ಸೇರುವ ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ವಿಸ್ತೀರ್ಣ 4801 ಹೆಕ್ಟೇರ್. 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಆದ ಒಪ್ಪಂದಕ್ಕೆ ಮಾಣಿಕಟ್ಟಾದ ಗಜನಿ ಗದ್ದೆಗಳೂ ಹೀಗೆ ಒಳಪಟ್ಟವು. ಉಪ್ಪುನೀರಿಗೆ ಜಗ್ಗದ ಕಗ್ಗ ಭತ್ತ ಆ ಗದ್ದೆಗಳಲ್ಲಿ ಯಾವ ಒಪ್ಪಂದವೂ ಇಲ್ಲದ ಕಾಲದಿಂದ ಬೆಳೆಯುತ್ತಿದೆಯೆಂಬುದು ಅಡಿಟಿಪ್ಪಣಿಗೆ ಸೇರಬೇಕಾದ ಸಂಗತಿ.

ಋತುವಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಪಂಚಾಂಗ ಆಶ್ವೀಜದಿಂದ ಶರದೃತು ಎನ್ನುತ್ತದೆ. ವೀಕ್ಷಕರ ಪ್ರಕಾರ ಶರತ್ಕಾಲ ಶುರುವಾಗುವುದು ದಸರಾ ರಜೆಗೆ. ಹಕ್ಕಿಗಳು ಎರಡನ್ನೂ ಲೆಕ್ಕಕ್ಕಿಟ್ಟಿಲ್ಲ. ಉತ್ತರದಲ್ಲಿ ಮರಿ ಮಾಡಿ ಮುಗಿಸಿದ ಮೊದಲ ತಂಡಗಳು ಆಗಸ್ಟಿನಲ್ಲೇ, ನಾವು ಕೊಡೆ ಹಿಡಿದು ಮಳೆಗೆ ಬಯ್ಯುತ್ತಿರುವಾಗಲೇ, ಬಂದು ಕೆಸರಿಗಿಳಿದಿರುತ್ತವೆ. ಚಿತ್ತಾ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತಿಗೆ ಅವು ಊರಿನವರೇ ಆಗಿಬಿಡುತ್ತವೆ, ವೀಕ್ಷಕರು ಮಾತ್ರ ‘ಅತಿಥಿಗಳು ಬಂದವು’ ಎಂದು ಸಂಭ್ರಮಿಸುತ್ತಾರೆ.

ಯುರೋಪಿನ ಪಂಡಿತರು ಈ ವಲಸೆಯ ಇನ್ನೊಂದು ತುದಿಯಲ್ಲಿದ್ದವರು. ಶರತ್ಕಾಲ ಬಂದೊಡನೆ ಕವಲುತೋಕೆಗಳು ಕಾಣೆಯಾಗುವುದನ್ನು ನೋಡಿ, ಅವು ಕೆರೆಯ ತಳದ ಕೆಸರಿನಲ್ಲಿ ಮಲಗುತ್ತವೆಯೆಂದು ಶತಮಾನಗಟ್ಟಲೆ ನಂಬಿದರು. ಲಿನೇಯಸ್‌ನಂಥವನೇ ಅದನ್ನು ಒಪ್ಪಿದ್ದ. ಹದಿನೇಳನೆಯ ಶತಮಾನದ ಚಾರ್ಲ್ಸ್ ಮಾರ್ಟನ್ ಎಂಬ ಇಂಗ್ಲಿಷ್ ಪಾದ್ರಿ ಹಕ್ಕಿಗಳನ್ನು ಚಂದ್ರಲೋಕಕ್ಕೇ ಕಳಿಸಿದ. 1822ರಲ್ಲಿ ಜರ್ಮನಿಯ ಕ್ಲ್ಯೂಟ್ಸ್ ಎಂಬಲ್ಲಿ ಆಫ್ರಿಕಾದ ಈಟಿ ಕುತ್ತಿಗೆಗೆ ಚುಚ್ಚಿಕೊಂಡೇ ಬಂದ ಒಂದು ಕೊಕ್ಕರೆ ಸಿಕ್ಕ ಮೇಲಷ್ಟೇ ವಾದ ತಣ್ಣಗಾಯಿತು. ಪುರಾವೆಯನ್ನು ಮೈಯಲ್ಲೇ ಹೊತ್ತು ಬರುವ ಅಂಥ ಸೌಜನ್ಯವನ್ನು ನಮ್ಮ ಹಕ್ಕಿಯಿಂದ ನಿರೀಕ್ಷಿಸುವಂತಿಲ್ಲ.

ವರ್ಣನೆಗೆ ಬರೋಣ. ನೋಡಿದವರೆಲ್ಲರ ಹೇಳಿಕೆಗಳನ್ನು ತಾಳೆ ಹಾಕಿದಾಗ: ಮೇಲೆ ಕಂದು, ಕೆಳಗೆ ಬಿಳಿ, ಗಾತ್ರ ‘ಅಷ್ಟು’. ಇದನ್ನು ಕೇಳಿ ನಗುವವರು ಅಕ್ಟೋಬರಿನಲ್ಲಿ ಉಲ್ಲಂಕಿ, ಗೊರವಗಳನ್ನು ನೋಡಿದವರಲ್ಲ. ಬೇಸಿಗೆಯಲ್ಲಿ ಟಿಬೆಟಿನಲ್ಲೋ ಸೈಬೀರಿಯದಲ್ಲೋ ಇಟ್ಟಿಗೆಗೆಂಪು, ಹೊನ್ನು, ಕಪ್ಪು ತೊಟ್ಟು ಮೆರೆದ ಹಕ್ಕಿಗಳೆಲ್ಲ ಇಲ್ಲಿಗೆ ಬರುವಾಗ ಒಂದೇ ಅಂಗಡಿಯ ಬೂದುಗಂದು ಬಟ್ಟೆ ಹಾಕಿಕೊಂಡಿರುತ್ತವೆ. ಆಗ ಪುಸ್ತಕ ಹೇಳುವುದು: ಕಾಲು ನೋಡಿ. ರೆಡ್‌ಶ್ಯಾಂಕ್ ಆದರೆ ಕಾಲು ಕೆಂಪು, ಗ್ರೀನ್‌ಶ್ಯಾಂಕ್ ಆದರೆ ಹಸಿರು, ಟೆರೆಕ್ ಸ್ಯಾಂಡ್‌ಪೈಪರ್ ಆದರೆ ಕಿತ್ತಳೆ. ಸರಿ, ನೋಡಿದೆವು. ಅಘನಾಶಿನಿಯ ಕೆಸರಿನಲ್ಲಿ ಮಂಡಿಯವರೆಗೆ ಹೂತ ಕಾಲಿನ ಬಣ್ಣ ಅಘನಾಶಿನಿಯ ಕೆಸರಿನ ಬಣ್ಣವೇ. ಇದರ ಮೇಲೆ ವರ್ಗೀಕರಣ ಪಂಡಿತರ ಉಪಕಾರ ಬೇರೆ. ಲೆಸ್ಸರ್ ಸ್ಯಾಂಡ್ ಪ್ಲೋವರ್ ಎಂದು ನಾವು ಕಷ್ಟಪಟ್ಟು ಕಲಿತಿದ್ದ ಹಕ್ಕಿಯನ್ನು 2023ರಲ್ಲಿ ಸೈಬೀರಿಯನ್ ಮತ್ತು ಟಿಬೆಟನ್ ಎಂದು ಎರಡು ಮಾಡಿದರು. ಮರಳಿನ ಮೇಲೆ ನಿಂತಿದ್ದ ಹಕ್ಕಿ ಒಂದು ಹೆಜ್ಜೆಯನ್ನೂ ಇಡದೆ ಪಾಲಾಯಿತು.

ಇನ್ನು ಪ್ರಬಂಧದ ಹೃದಯಭಾಗ, ಪ್ರಮಾಣ ವಿಚಾರ. ಭಾಟ್ಟ ಮೀಮಾಂಸಕರು ಜ್ಞಾನಕ್ಕೆ ಆರು ಪ್ರಮಾಣಗಳನ್ನು ಹೇಳುತ್ತಾರೆ. ಪ್ರತ್ಯಕ್ಷವನ್ನು ಆರಂಭದಲ್ಲೇ ಕೈಬಿಡಬೇಕು. ಅದಿದ್ದಿದ್ದರೆ ಈ ಪ್ರಬಂಧದ ಅಗತ್ಯವೇ ಇರಲಿಲ್ಲ. ಅನುಮಾನದಿಂದ ಕೆಲಸ ನಡೆಯುತ್ತದೆ: ಕೊಕ್ಕು ಕೆಳಕ್ಕೆ ಬಾಗಿದೆ, ತಲೆಯ ಮೇಲೆ ಪಟ್ಟೆಗಳಿವೆ, ಏಡಿ ಹಿಡಿದು ಕುಟ್ಟುತ್ತಿದೆ, ಆದ್ದರಿಂದ ವಿಂಬ್ರೆಲ್. ಉಪಮಾನ ಎಂದರೆ ‘ನಿನ್ನೆ ಬಡಗಣಿ ಹೊಳೆಯ ಹತ್ತಿರ ನೋಡಿದೆವಲ್ಲ, ಹಾಗೇ ಇತ್ತು’ ಎನ್ನುವುದು. ನಿನ್ನೆ ನೋಡಿದ್ದೂ ಇದೇ ಪ್ರಬಂಧದ ನಾಯಕನೇ ಆಗಿರುವುದರಿಂದ ತರ್ಕಕ್ಕೆ ಬಾಧೆಯಿಲ್ಲ. ಶಬ್ದ ಪ್ರಮಾಣಕ್ಕೆ ಆಪ್ತವಾಕ್ಯ ಬೇಕು; ಗುಂಪಿನಲ್ಲಿ ಯಾರ ಲೆನ್ಸ್ ಅತಿ ಉದ್ದವೋ ಅವರೇ ಆಪ್ತರು. ಕೂಗು ಕೇಳಿ ಹೆಸರು ಹೇಳುವ ಮೊಬೈಲ್ ಆ್ಯಪ್ ಕೂಡ ಈಗ ಆಪ್ತರ ಸಾಲಿಗೆ ಸೇರಿದೆ, ಹೆದ್ದಾರಿಯ ಟ್ಯಾಂಕರಿನ ಹಾರನ್ನಿಗೆ ಅದು ಇನ್ನೂ ಹೆಸರು ಹುಡುಕುತ್ತಿದೆ.

ಅರ್ಥಾಪತ್ತಿ ನಮ್ಮನ್ನು ನಿಜಕ್ಕೂ ಕಾಪಾಡಿದ ಪ್ರಮಾಣ. ದೇವದತ್ತ ದಪ್ಪಗಿದ್ದಾನೆ, ಹಗಲಲ್ಲಿ ಉಣ್ಣುವುದಿಲ್ಲ. ಅಂದಮೇಲೆ ರಾತ್ರಿ ಉಣ್ಣುತ್ತಾನೆ. ಶಾಸ್ತ್ರಕಾರರು ಈ ಉದಾಹರಣೆಯನ್ನು ಗೊರವಗಳಿಗೆಂದೇ ಬರೆದಂತಿದೆ. ಹಗಲಿಡೀ ದಿಬ್ಬದ ಮೇಲೆ ಒಂಟಿ ಕಾಲಲ್ಲಿ ತೂಕಡಿಸುವ ಹಿಂಡನ್ನು ನೋಡಿ ‘ಇವು ತಿನ್ನುವುದು ಯಾವಾಗ’ ಎಂದು ಬೆರಗಾಗುವವರು ನೀರಿನ ಲೆಕ್ಕ ತಿಳಿಯದವರು. ಅವುಗಳಿಗೆ ಹಗಲು, ರಾತ್ರಿ ಎಂಬುದು ಅಷ್ಟೇನೂ ಮುಖ್ಯವಲ್ಲ; ಇಳಿತವಾಗಿ ಕೆಸರು ಬಯಲಾದಾಗ ಊಟ, ಉಬ್ಬರ ಬಂದಾಗ ನಿದ್ದೆ, ಅದು ಕತ್ತಲಲ್ಲಾದರೂ ಸರಿ. ಇಳಿತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ‘ಹಕ್ಕಿ ನೋಡಲು ಬೆಳಿಗ್ಗೆ ಆರಕ್ಕೇ ಬರಬೇಕು’ ಎಂಬ ಬೆಂಗಳೂರಿನ ನಿಯಮ ಇಲ್ಲಿ ಸೋಲುವುದು ಇದಕ್ಕೇ. ಕೆರೆಯ ಹಕ್ಕಿ ಸೂರ್ಯನನ್ನು ಕೇಳುತ್ತದೆ, ಅಳಿವೆಯ ಹಕ್ಕಿ ಚಂದ್ರನನ್ನು. ಈ ಮಟ್ಟಿಗೆ ಮಾರ್ಟನ್ ಪಾದ್ರಿಯೂ ಪೂರ್ತಿ ತಪ್ಪಲ್ಲ.

ಈ ವಿಷಯದಲ್ಲಿ ನಮ್ಮ ಗ್ರಂಥಾಲಯಕ್ಕಿಂತ ಹೆಚ್ಚು ಬಲ್ಲವರು ಬಳಚು ತೆಗೆಯುವ ಹೆಂಗಸರು. ಸೀರೆ ಮೇಲೆತ್ತಿ ಕಟ್ಟಿ, ಸೊಂಟದುದ್ದ ನೀರಿನಲ್ಲಿ ನಿಂತು ಕಾಲ್ಬೆರಳಿನಿಂದ ತಳವನ್ನು ತಡಕುತ್ತಾರೆ. ಚಿಪ್ಪು ಸಿಕ್ಕಿತೋ ಮುಖ ಮೇಲಕ್ಕೇ ಇರುತ್ತದೆ, ಕೈ ಮಾತ್ರ ಕೆಳಗೆ ಹೋಗಿ ಬುಟ್ಟಿಗೆ ಬರುತ್ತದೆ. ಅವರು ದಡ ಹತ್ತುವ ಹೊತ್ತಿಗೆ ಸರಿಯಾಗಿ ಸ್ಕೋಪು, ಟ್ರೈಪಾಡು, ಅರೆಚಡ್ಡಿಗಳ ಸಮೇತ ಸಂಶೋಧಕರು ಇಳಿಯುತ್ತಾರೆ. ‘ನೀರು ಏರ್ತಾ ಉಂಟು, ಈಗೆಂಥ ಹಕ್ಕಿ? ಎಲ್ಲ ಆಚೆ ಗಜನಿಗೆ ಹೋದ್ವು’ ಎಂಬುದು ಅವರ ಪ್ರಕಟಣೆ. ಪೀರ್ ರಿವ್ಯೂ ಆಗಿಲ್ಲವೆಂಬ ಕಾರಣಕ್ಕೆ ಅದನ್ನು ಬಹುಕಾಲ ಉಪೇಕ್ಷಿಸಲಾಗಿತ್ತು. ಆಚೆ ಹೋದರೆ ನಿಜವೇ: ಕಟ್ಟೆಯ ಬಾಗಿಲಿನಿಂದ ನೀರು ನುಗ್ಗುವಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿವೆ. ನಡುವೆ ಸೀಸದ ಬಣ್ಣದ ಒಂದು ಕಡಲ ಬೆಳ್ಳಕ್ಕಿ ರೆಕ್ಕೆಯನ್ನು ಅರ್ಧ ಬಿಚ್ಚಿ, ಓಡಿ, ತಟ್ಟನೆ ನಿಂತು, ಹಳದಿ ಪಾದದಿಂದ ಕೆಸರು ಕಲಕಿ, ಸೀಗಡಿ ಎದ್ದೊಡನೆ ಕೊಕ್ಕು ಹಾಕುತ್ತದೆ. ಕಾಲಿನಿಂದ ತಡಕಿ ಮೇಲಕ್ಕೆ ತೆಗೆಯುವ ಈ ವಿಧಾನ ಯಾರಿಂದ ಯಾರು ಕಲಿತದ್ದು ಎಂಬುದಕ್ಕೆ ಪ್ರತ್ಯೇಕ ಪಿಎಚ್‌.ಡಿ. ಆಗಬೇಕು, ಫೆಲೋಶಿಪ್ ಸಹಿತ.

ಕೊನೆಯ ಪ್ರಮಾಣ ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿರುವುದೇ ಗಡಿಗೆಯ ಅಭಾವಕ್ಕೆ ಪ್ರಮಾಣ ಎನ್ನುತ್ತಾರೆ ಮೀಮಾಂಸಕರು. ಪೂರ್ವಪಕ್ಷಿಗಳು ಇದನ್ನು ಹಿಡಿದೇ ‘ಕೆಸರಿನ ಮೇಲೆ ಹಕ್ಕಿ ಕಾಣುತ್ತಿಲ್ಲ, ಆದ್ದರಿಂದ ಇಲ್ಲ’ ಎನ್ನುತ್ತಾರೆ. ಇದಕ್ಕೆ ಸಿದ್ಧಾಂತ: ಗಡಿಗೆಗೆ ರೆಕ್ಕೆಯಿಲ್ಲ. 2022ರ ಅಕ್ಟೋಬರಿನಲ್ಲಿ ಐದು ತಿಂಗಳ ಗಾಡ್‌ವಿಟ್ ಮರಿಯೊಂದು ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,560 ಕಿಲೋಮೀಟರನ್ನು ಎಲ್ಲೂ ಇಳಿಯದೆ 11 ದಿನಗಳಲ್ಲಿ ಹಾರಿತು. ಅಂಥ ಕುಲದವರಿಗೆ, ನೀವು ಫೋಕಸ್ ತಿರುಗಿಸುವ ಮೂರು ಸೆಕೆಂಡು ಎಷ್ಟು ದೊಡ್ಡ ಅವಕಾಶವೆಂದು ಯೋಚಿಸಬೇಕು. ಆದ್ದರಿಂದ ನಮ್ಮ ಹಕ್ಕಿಯ ಮಟ್ಟಿಗೆ ಕಾಣದಿರುವುದು ಅಭಾವಕ್ಕಲ್ಲ, ಇರವಿಗೇ ಲಕ್ಷಣ.

ಕುಲ ನಿರ್ಣಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಇದೇ ಅಳಿವೆಯ ತದಡಿಯಲ್ಲಿ ಒಂದು ಕಾಲಕ್ಕೆ 4000 ಮೆಗಾವಾಟಿನ ಶಾಖೋತ್ಪನ್ನ ಸ್ಥಾವರದ ಯೋಜನೆ ಕಾಣಿಸಿಕೊಂಡಿತ್ತು. ಊರವರು, ಮೀನುಗಾರರು ಗಟ್ಟಿಯಾಗಿ ಕೂಗಿದ ಮೇಲೆ ಅದು ಎದ್ದುಹೋಯಿತು. ಅದೂ ‘ಈಗಷ್ಟೇ ಇತ್ತು’ ಕುಲದ್ದೇ, ಗಾತ್ರದಲ್ಲಿ ಮಾತ್ರ ದೊಡ್ಡದು. ಈ ಉಪಜಾತಿ ಯಾವ ಋತುವಿನಲ್ಲಾದರೂ ಬೇರೆ ಹೆಸರಿನಲ್ಲಿ ವಾಪಸು ಬರಬಲ್ಲದಾದ್ದರಿಂದ ಬಳಚಿನ ಹೆಂಗಸರು ಅದರ ಮೇಲೂ ಒಂದು ಕಣ್ಣಿಟ್ಟಿದ್ದಾರೆ.

ಪರೀಕ್ಷಕರು ಛಾಯಾಚಿತ್ರ ಕೇಳಿದ್ದರಿಂದ ಒಂದನ್ನು ಲಗತ್ತಿಸಲಾಗಿದೆ. ಚಿತ್ರದ ಎಡಕ್ಕೆ ಏಡಿಯ ಬಿಲ, ನಡುವೆ ವಿಶಾಲವಾದ ಕೆಸರು, ಬಲ ಮೂಲೆಯಲ್ಲಿ ತೋರಿಸುತ್ತಿದ್ದವರ ತೋರುಬೆರಳು. ಬೆರಳು ಸೂಚಿಸುವ ಜಾಗವನ್ನು ಕೆಂಪು ವೃತ್ತದಿಂದ ಗುರುತಿಸಿದೆ. ಇಷ್ಟಾದರೂ ಒಪ್ಪದವರು ಅಮಾವಾಸ್ಯೆಗೋ ಹುಣ್ಣಿಮೆಗೋ, ಇಳಿತ ಅತಿ ಹೆಚ್ಚು ಇರುವಾಗ, ಖುದ್ದಾಗಿ ಬರಬಹುದು. ಬರುವ ವೇಳೆಯನ್ನು ನಮ್ಮನ್ನು ಕೇಳಬೇಡಿ, ಬುಟ್ಟಿ ಹೊತ್ತವರನ್ನು ಕೇಳಿ.