ಅರ್ತಿಂಗ್ ರಾಯರು

ನನ್ನ ಕರೆಂಟಿನ ಕಾರು ಗೇಟಿನೊಳಗೆ ಬಂದು ನಿಂತ ದಿನ, ಹೆಂಡತಿ ಚಕ್ರದಡಿಗೆ ಲಿಂಬೆಹಣ್ಣು ಇಡುವ ಮೊದಲೇ ಎದುರುಮನೆಯ ರಾಯರು ಡಿಕ್ಕಿ ತೆಗೆಸಿ ಕೇಬಲ್ ಹೊರಗೆಳೆದಿದ್ದರು. ಒಂದು ತುದಿಗೆ ಮನೆಯ ಪಿನ್ನು, ಇನ್ನೊಂದು ತುದಿಗೆ ಕಾರಿನ ಮೂತಿ, ನಡುವೆ ಒಂದು ಡಬ್ಬಿ. ಕಪ್ಪೆ ನುಂಗಿದ ಕೇರೆಹಾವಿನ ಹಾಗೆ ಇತ್ತು.

"ಮಾಷ್ಟ್ರೇ, ಇದೆಂತ?"

"ಚಾರ್ಜರ್."

"ಅಲ್ಲ!"

ಚಾರ್ಜರ್ ಇರುವುದು ಕಾರಿನ ಹೊಟ್ಟೆಯಲ್ಲಿ. ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿ ಮಾಡುವುದು ಅದು. ಡಬ್ಬಿ ಬರೀ ಗೇಟಿನ ಕಾವಲುಗಾರ. ಅರ್ತಿಂಗ್ ಉಂಟೋ ನೋಡಿ, ಎಷ್ಟು ಆಂಪ್ ಎಳೆಯಬಹುದೆಂದು ಕಾರಿಗೆ ತಿಳಿಸಿ, ಬಾಗಿಲು ತೆಗೆಯುತ್ತದೆ. ಕಾರಿನೊಳಗಿನದ್ದು 3.3 ಕಿಲೋವ್ಯಾಟಿನದ್ದಾದರೆ ನೀವು 7.2ರ ಡಬ್ಬಿ ತಂದು ಅದಕ್ಕೆ ಮಂಗಳಾರತಿ ಎತ್ತಿದರೂ ಎಳೆಯುವುದು 3.3 ಮಾತ್ರ. ಇಷ್ಟನ್ನು ರಾಯರು ಒಂದೂವರೆ ಗಂಟೆ ಹೇಳಿದರು. ಲಿಂಬೆಹಣ್ಣು ಹೆಂಡತಿಯ ಕೈಯಲ್ಲೇ ಬಾಡಿತು.

ಇಂಥ ರಾಯರು ನಿಮ್ಮ ಓಣಿಯಲ್ಲೂ ಇದ್ದಾರೆ. ಹಿಂದೆ ನಿಮ್ಮ ಬಾವಿಗೆ ಎಷ್ಟು ಎಚ್‌ಪಿ ಪಂಪ್ ಬೇಕೆಂದು ಹೇಳಿದವರು, ಇನ್ವರ್ಟರ್ ಬ್ಯಾಟರಿಗೆ ನೀರು ಹಾಕಿದ್ದು ಹೆಚ್ಚಾಯಿತೆಂದು ಬೈದವರು ಅವರೇ. ನಮ್ಮ ರಾಯರು ಬ್ಯಾಂಕಿನಿಂದ ನಿವೃತ್ತರು. ಹಳೇ ಡೈರಿಯೊಂದರಲ್ಲಿ ಗೆರೆ ಹೊಡೆದು ಚಾರ್ಜರುಗಳ ಪಟ್ಟಿ ಬರೆದಿಟ್ಟಿದ್ದಾರೆ: ಕೇಬಲ್ ಎಷ್ಟು ಮೀಟರ್, ಮಳೆನೀರು ತಡೆಯುತ್ತದೋ, ಆಂಪ್ 6ರಿಂದ 16ರವರೆಗೆ ಏರಿಳಿಸಲು ಬರುತ್ತದೋ. ಆಯ್ಕೆ ಶುರುವಾದದ್ದು 2001ರಲ್ಲಿ, ಬೆಂಗಳೂರಿನ ರೇವಾ ಕಾರು ಮಾರಾಟಕ್ಕೆ ಬಂದ ವರ್ಷ. ರಾಯರ ಹತ್ತಿರ ಕರೆಂಟಿನ ಕಾರು ಅಂದೂ ಇರಲಿಲ್ಲ, ಇಂದೂ ಇಲ್ಲ.

ನಿಧಾನ ಚಾರ್ಜಿಂಗ್ ಎಂದರೆ ಅವರಿಗೆ ಭಕ್ತಿ. "1928ರಲ್ಲಿ ಟಿ.ಎಂ.ಎ. ಪೈಗಳು ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರು ಮಾಡಿದ್ದು ಯಾಕೆ ಹೇಳಿ? ಸ್ವಲ್ಪ ಸ್ವಲ್ಪವೇ ತುಂಬಬೇಕು, ಮಾರಾಯ್ರೆ. 30 ಯೂನಿಟ್ಟಿನ ಬ್ಯಾಟರಿ, 3.3ರಲ್ಲಿ ಒಂಬತ್ತು ಗಂಟೆ. ರಾತ್ರಿ ಹಾಕಿ, ಬೆಳಿಗ್ಗೆ ತೆಗೀರಿ. ನಿಮಗೆಂತ ಅವಸರ?"

ನನಗೆ ಅವಸರ ಇತ್ತು. ಮರುದಿನ ಕಾರ್ಕಳಕ್ಕೆ ಮದುವೆಗೆ ಹೋಗಬೇಕಿತ್ತು. ಪಿನ್ನು ಚುಚ್ಚಿದೆ. ಡಬ್ಬಿಯಲ್ಲಿ ಕೆಂಪು ದೀಪ. ತೆಗೆದು ಚುಚ್ಚಿದೆ, ಕೆಂಪು. ಕದ್ದು ಚುಚ್ಚುತ್ತಿದ್ದೆ ಎನ್ನುವುದೂ ನಿಜ, ಆದರೆ ಕೆಂಪು ದೀಪದ ವಾಸನೆ ರಾಯರಿಗೆ ರಸ್ತೆಯಾಚೆಗೂ ಬಡಿಯುತ್ತದೆ. ಹೋಲ್ಡರಿಗೆ ಎರಡು ವಯರು ಕಟ್ಟಿದ 100 ವ್ಯಾಟಿನ ಬಲ್ಬು ಹಿಡಿದು ಬಂದೇಬಿಟ್ಟರು. ಫೇಸಿಗೂ ನ್ಯೂಟ್ರಲಿಗೂ ಕೊಟ್ಟರೆ ಬಲ್ಬು ಝಗ್ಗೆಂದಿತು. ಫೇಸಿಗೂ ಅರ್ತಿಗೂ ಕೊಟ್ಟಾಗ ಒಳಗಿನ ತಂತಿ ಮಾತ್ರ ಬೀಡಿಯ ಕೊನೆಯ ಹಾಗೆ ಕೆಂಪಗಾಯಿತು.

"ನಿಮ್ಮದು ಅರ್ತಿಂಗ್ ಅಲ್ಲ ಮಾಷ್ಟ್ರೇ, ಅರ್ತಿಂಗಿನ ಫೋಟೋ! ಕರೆಂಟು ಸೋರಿದರೆ ಕಡಿದುಹಾಕುವ ಒಂದು ಆರ್‌ಸಿಸಿಬಿ ಕೂಡ ಇಲ್ಲ. ಇದ್ದಿದ್ದರೆ ಈ ಬಲ್ಬಿಗೇ ಟ್ರಿಪ್ ಆಗಬೇಕಿತ್ತು."

ನಮ್ಮ ಮಣಿಪಾಲ ಎಂದರೆ ಮುರಕಲ್ಲಿನ ಗುಡ್ಡೆ. ಏಪ್ರಿಲಿನಲ್ಲಿ ಅದು ಕಾದ ಕಾವಲಿಯಂತೆ ಒಣಗಿರುತ್ತದೆ, ಒಣನೆಲ ಕರೆಂಟನ್ನು ಸರಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆ ಹಿಂದಿನ ಅರ್ತಿಂಗ್ ಹೊಂಡ ಹುಡುಕಿದರೆ ಅದರ ಮೇಲೆ ಬಸಳೆ ಚಪ್ಪರ. ಹೆಂಡತಿ ನನ್ನನ್ನು ನೋಡಿದಳು. ನಾನು ರಾಯರನ್ನು ನೋಡಿದೆ. ಚಪ್ಪರ ಬಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸ ಪೈಪು ಇಳಿಸಿ ಇದ್ದಿಲು, ಉಪ್ಪು ತುಂಬಿದ. ನಾನು ತಳ ಕಾಣುತ್ತಿದ್ದ ಬಾವಿಯಿಂದ ಕೊಡಪಾನದಲ್ಲಿ ನೀರು ಹೊತ್ತೆ. ಪುರೋಹಿತರೊಬ್ಬರು ಹೋಮಕುಂಡದ ಪಕ್ಕ ಕೂತಂತೆ ರಾಯರು ಕುರ್ಚಿ ಹಾಕಿ ಕೂತಿದ್ದರು. ಸಂಜೆ ದೀಪ ಹಸಿರಾಯಿತು. ಮದುವೆಗೆ ಬಸ್ಸಿನಲ್ಲಿ ಹೋದೆವು.

ಅಂದಿನಿಂದ ರಾತ್ರಿ ಹತ್ತಕ್ಕೆ ರಾಯರ ಗಸ್ತು. ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ ಪಿನ್ನಿನ ಬೆನ್ನು ಮುಟ್ಟಿ ನೋಡುತ್ತಾರೆ. ಬಿಸಿ ಕಂಡರೆ, "ಸಾಕೆಟ್ ಸಡಿಲ ಉಂಟು. ನಾಳೆ ಬದಲಿಸಿ, ಇವತ್ತು 10 ಆಂಪಿಗೆ ಇಳಿಸಿ." ಎಕ್ಸ್‌ಟೆನ್ಶನ್ ವಯರು ಸುರುಳಿ ಬಿಚ್ಚದೆ ಹಾಕಿದ್ದಕ್ಕೆ ಒಮ್ಮೆ ಮೂರು ದಿನ ಮಾತು ಬಿಟ್ಟಿದ್ದರು. ಆ ಮೂರು ರಾತ್ರಿ ನಾನೇ ಹತ್ತಕ್ಕೆ ಎದ್ದು ಹೋಗಿ ಪಿನ್ನು ಮುಟ್ಟಿ ಬಂದೆ. ಮೊದಲ ಮಳೆಯ ಗುಡುಗು ಕೇಳಿದ ಕೂಡಲೇ ಫೋನು ಬಂತು: "ಸಿಡಿಲು ಉಂಟು, ಪಿನ್ನು ತೆಗೀರಿ."

"ರಾಯರೇ, ನೀವೂ ಒಂದು ಕಾರು ತೆಗೊಳ್ಳಿ" ಎಂದೆ ಒಂದು ದಿನ, ಸೇಡು ತೀರಿಸಿಕೊಳ್ಳಲು.

"ಕೊಲ್ಲೂರು, ಶೃಂಗೇರಿ ಎಲ್ಲ ನನ್ನ ಮನೆಯವಳಿಗೆ ಆಸೆ ಇತ್ತು. ಈಗ ಟೈಗರ್ ಸರ್ಕಲ್ಲಿಗೆ ನಡೆದೇ ಹೋಗ್ತೇನಲ್ಲ" ಎಂದು ಡೈರಿ ಮುಚ್ಚಿದರು.

ಕಳೆದ ತಿಂಗಳು ಅವರ ಆಯ್ಕೆ ಮುಗಿಯಿತು. ಕಾರಿಲ್ಲದ ಶೆಡ್ಡಿನ ಗೋಡೆಗೆ 16 ಆಂಪಿನ ಹೊಸ ಸಾಕೆಟ್, 30 ಮಿಲಿಆಂಪಿನ ಆರ್‌ಸಿಸಿಬಿ, ಮೊಳೆಗೆ ನೇತುಹಾಕಿದ ಪೋರ್ಟೆಬಲ್ ಚಾರ್ಜರ್. ಮಣಿಪಾಲಕ್ಕೆ ಆಸ್ಪತ್ರೆಗೋ ಮಕ್ಕಳ ಕಾಲೇಜಿಗೋ ಬಂದು ಬ್ಯಾಟರಿ ಇಳಿದವರು ಯಾರಾದರೂ ಇದ್ದರೆ ನನ್ನನ್ನು ಕೇಳಿ, ಮನೆ ತೋರಿಸುತ್ತೇನೆ. ರಾಯರು ದುಡ್ಡು ತೆಗೆದುಕೊಳ್ಳುವುದಿಲ್ಲ, ಕಾಫಿಯನ್ನೂ ಕೊಡುತ್ತಾರೆ. ಒಂಬತ್ತು ಗಂಟೆ ಕೂರುವ ಪುರುಸೊತ್ತು ಇಟ್ಟುಕೊಂಡು ಬನ್ನಿ.