ಭಾವಮೈದನ 4ಕೆ ಪೆಟ್ಟಿಗೆ

ಹುಣಸೂರು, ಪಿರಿಯಾಪಟ್ಟಣದ ಕಡೆ ಟಿವಿ ಕೊಳ್ಳೋದಕ್ಕೆ ಯಾರೂ ಪಂಚಾಂಗ ನೋಡೋಲ್ಲ. ಹೊಗೆಸೊಪ್ಪಿನ ಹರಾಜು ಶುರುವಾದರೆ ಅದೇ ಮುಹೂರ್ತ. ಕಟ್ಟೆಮಳಲವಾಡಿಯಲ್ಲೋ ಕಂಪಲಾಪುರದಲ್ಲೋ ಬೇಲ್ ಹಾಕಿ ಬಂದವರ ಖಾತೆಗೆ ದುಡ್ಡು ಬಿದ್ದ ಮೇಲೆ ಸಾಲ ಮೊದಲು, ಟಿವಿ ಆಮೇಲೆ ಅನ್ನೋದು ಮನೆ ಯಜಮಾನನ ಲೆಕ್ಕ. ಟಿವಿ ಮೊದಲು ಅನ್ನೋದು ಉಳಿದವರೆಲ್ಲರ ಲೆಕ್ಕ. ಬಹುಮತ ಯಾರ ಕಡೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಪಿರಿಯಾಪಟ್ಟಣದ ನಮ್ಮ ಭಾವಮೈದನೂ ಹೀಗೇ 55 ಇಂಚಿನದೊಂದನ್ನು ತಂದು ಗೋಡೆಗೆ ಹೊಡೆಸಿದ. ಅಷ್ಟಕ್ಕೇ ಸುಮ್ಮನಾಗುವ ಆಸಾಮಿ ಅಲ್ಲ. ಟಿವಿಯೊಳಗಿನ ಆ್ಯಂಡ್ರಾಯ್ಡ್ ತಡವರಿಸುತ್ತೆ, ಪಕ್ಕಕ್ಕೊಂದು ಬಾಕ್ಸ್ ಇಟ್ಟರೆ ಥಿಯೇಟರೇ ಮನೆಗೆ ಬರುತ್ತೆ ಅಂತ ಯಾರೋ ಅವನ ಕಿವಿಯೂದಿದ್ದರು. ತಂದ. ಡಬ್ಬದ ಮೇಲೆ ಚಿನ್ನದ ಅಕ್ಷರದಲ್ಲಿ ‘8ಕೆ’ ಅಂತ ಇತ್ತು. ಬೆಲೆ ಕೇಳಿದರೆ ಒಂದು ಕೆಗೂ ಸಾಲದು.

‘ಎಲ್ಲಾ ಸಿನಿಮಾನೂ ಫ್ರೀ ಭಾವ, ಒಳಗಡೆನೇ ಹಾಕಿ ಕೊಟ್ಟವ್ರೆ!’

‘ಫ್ರೀ ಅಲ್ಲ ಕಣಯ್ಯ, ನಿನ್ನ ವೈಫೈನ ಬಾಡಿಗೆಗೆ ಕೊಟ್ಟಿದ್ದೀಯ. ಬಾಡಿಗೆ ಮಾತ್ರ ನಿನ್ನ ಕೈಗೆ ಬರೋಲ್ಲ.’

ತಮಾಷೆಗೆ ಹೇಳಿದ ಮಾತಲ್ಲ. 2025ರ ಜೂನ್‌ನಲ್ಲಿ ಅಮೆರಿಕದ ಎಫ್‌ಬಿಐ ಇಂಥ ಬಾಕ್ಸುಗಳ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ‘ಬ್ಯಾಡ್‌ಬಾಕ್ಸ್ 2.0’ ಅನ್ನುವ ಕಳ್ಳ ತಂತ್ರಾಂಶ ಕೆಲವು ಅಗ್ಗದ ಬಾಕ್ಸುಗಳೊಳಗೆ ಮಾರಾಟಕ್ಕೆ ಮುಂಚೆಯೇ ಕೂತಿರುತ್ತದೆ, ಇನ್ನು ಕೆಲವಕ್ಕೆ ಫ್ರೀ ಆ್ಯಪುಗಳ ಜೊತೆ ಇಳಿಯುತ್ತದೆ. ಆಮೇಲೆ ನಿಮ್ಮ ಇಂಟರ್‌ನೆಟ್ಟಿನ ಮರೆಯಲ್ಲಿ ನಿಂತು ಬೇರೆ ಯಾರೋ ಕಳ್ಳತನ ಮಾಡುತ್ತಾರೆ.

ಅದೂ ಹೋಗಲಿ, ಚಿತ್ರವಾದರೂ ಚೆನ್ನಾಗಿ ಬಂತೇ ಅಂದರೆ ಅದೂ ಇಲ್ಲ. ಒಟಿಟಿಯವರು ಬಾಕ್ಸಿನ ಜಾತಕ ನೋಡಿ ಚಿತ್ರ ಕಳಿಸುತ್ತಾರೆ. ವೈಡ್‌ವೈನ್ ಅನ್ನುವ ಬೀಗ ‘ಎಲ್1’ ದರ್ಜೆಯದಾಗಿದ್ದರೆ ಎಚ್‌ಡಿ, 4ಕೆ. ‘ಎಲ್3’ ಆದರೆ ಸಾಮಾನ್ಯವಾಗಿ 480 ಗೆರೆಯ ಆಸುಪಾಸು, ಅಂದರೆ ಡಿವಿಡಿ ಕಾಲದ ಚಿತ್ರವನ್ನು 55 ಇಂಚಿಗೆ ಹಿಗ್ಗಿಸಿ ನೋಡುವ ಸುಖ. ಆದ್ದರಿಂದ ‘ಎಲ್1’ ಇದೆಯೇ ಅಂತ ಕೇಳಿ, ಪ್ಲೇಸ್ಟೋರಿನ ಸೆಟ್ಟಿಂಗಿನಲ್ಲಿ ‘ಪ್ಲೇ ಪ್ರೊಟೆಕ್ಟ್ ಸರ್ಟಿಫೈಡ್’ ಅಂತ ಬರುವ ಬಾಕ್ಸನ್ನೇ ತನ್ನಿ. ಭಾವಮೈದ ಹಾಗೇ ಎರಡನೆಯದನ್ನು ತಂದ. ಮೊದಲನೆಯದು ಈಗ ಶೋಕೇಸಿನಲ್ಲಿ ಗೊಂಬೆಗಳ ಪಕ್ಕ ಮರ್ಯಾದೆಯಾಗಿ ಕೂತಿದೆ.

ನಮ್ಮ ಅತ್ತೆಗೆ ಒಟಿಟಿಯೂ ಬೇಡ, ಅದರ ಜಾತಕವೂ ಬೇಡ. ಅವರಿಗೆ ಬೇಕಾದದ್ದು ಒಂದೇ ಸಿನಿಮಾ, ಮಗನ ಮದುವೆ. ಮದುವೆ ಆಗಿದ್ದು ಕೆ.ಆರ್. ನಗರದಲ್ಲಿ, ಹೆಣ್ಣಿನ ಕಡೆಯ ಊರು. ಚುಂಚನಕಟ್ಟೆಯ ಜಲಪಾತದ ಮುಂದೆ ಗಂಡು ಹೆಣ್ಣು ಎದುರುಬದುರು ಓಡಿ ಬರುವುದು, ಗದ್ದೆ ಬಯಲಿನ ಮೇಲೆ ಡ್ರೋನ್ ಹಾರುವುದು, ಎಲ್ಲಾ 4ಕೆ. ಇಷ್ಟು ದಿನ ಅದನ್ನು ಅತ್ತೆ ನೋಡಿದ್ದು ವಾಟ್ಸ್‌ಆ್ಯಪಿನಲ್ಲಿ. ಅಲ್ಲಿ ಹಿಂಡಿ ಹಿಪ್ಪೆ ಮಾಡಿದ ವಿಡಿಯೊದಲ್ಲಿ ಕಾವೇರಿ ನೀರು ಚೌಕ ಚೌಕವಾಗಿ ಧುಮುಕುತ್ತದೆ.

ಪೆನ್‌ಡ್ರೈವ್ ಚುಚ್ಚಿದೆವು. ವರ ಕೈ ಒಡ್ಡಿದ್ದು ಒಂದು ಫೈಲಿನಲ್ಲಿ, ಧಾರೆ ನೀರು ಬಿದ್ದದ್ದು ಇನ್ನೊಂದರಲ್ಲಿ. ಸ್ಟುಡಿಯೊದವರು ಬೇಕಂತ ಮಾಡಿದ್ದಲ್ಲ. ಪೆನ್‌ಡ್ರೈವ್ ‘ಫ್ಯಾಟ್32’ ಲೆಕ್ಕದಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರ ಬಾಗಿಲಲ್ಲಿ ತೂರುವುದಿಲ್ಲ, ಕತ್ತರಿಸಲೇಬೇಕು. ‘ಎಕ್ಸ್‌ಫ್ಯಾಟ್’ ಆದರೆ ಆ ಮಿತಿ ಇಲ್ಲ. ಕೆಲವು ಬಾಕ್ಸುಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ, ಕೊಳ್ಳುವಾಗಲೇ ಕೇಳಿಬಿಡಿ. ಫಾರ್ಮ್ಯಾಟ್ ಮಾಡುವ ಮುಂಚೆ ಒಳಗಿರುವುದನ್ನು ಬೇರೆ ಕಡೆ ಕಾಪಿ ಮಾಡಿಕೊಳ್ಳಿ. ಇಲ್ಲದಿದ್ದರೆ ಮದುವೆ ಇನ್ನೊಂದು ಸಲ ಮಾಡಬೇಕಾದೀತು, ಬೀಗರು ಒಪ್ಪಬೇಕಲ್ಲ.

ಸ್ಟುಡಿಯೊದವರ ಹತ್ತಿರ ಹಾರ್ಡ್ ಡಿಸ್ಕಿನಲ್ಲಿದ್ದ ಒಂದೇ ತುಂಡಿನ ಫೈಲು ತಂದು ಹಾಕಿದ್ದಾಯಿತು. ಡ್ರೋನ್ ಎದ್ದಿತು, ಕೆ.ಆರ್. ನಗರದ ಗದ್ದೆ ಹಸಿರಾಗಿ ಹರಡಿಕೊಂಡಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ಕೇಳಿದರು: ‘ಅದ್ಯಾಕೆ ಅಳಿಯಂದ್ರೇ, ಬೆಟ್ಟದಪುರದ ಬಸ್ಸಲ್ಲಿ ಕೂತಂಗೆ ಕುಲುಕ್ತದೆ?’

ಅತ್ತೆಯ ಕಣ್ಣು ಸುಳ್ಳು ಹೇಳಲಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಳೆಯ ಟಿವಿ ಪದ್ಧತಿಯೂ ಅದಕ್ಕೆ ಹೊಂದಿಕೊಂಡದ್ದು. ಹಾಗಾಗಿ ನಮ್ಮ ಮದುವೆ ವಿಡಿಯೊದವರಲ್ಲಿ ಹೆಚ್ಚಿನವರು ಸೆಕೆಂಡಿಗೆ 25 ಇಲ್ಲವೇ 50 ಚಿತ್ರದ ಲೆಕ್ಕದಲ್ಲಿ ತೆಗೆಯುತ್ತಾರೆ. ಬಾಕ್ಸ್ ಸಾಮಾನ್ಯವಾಗಿ ಕಂಪನಿಯಿಂದ ಬರುವಾಗಲೇ 60 ಹರ್ಟ್ಸ್‌ಗೆ ಕೂತಿರುತ್ತದೆ. 25 ಚಿತ್ರವನ್ನು 60 ಸಲ ತೋರಿಸು ಅಂದರೆ ಅದೇನು ಮಾಡಬೇಕು? 15 ಚಿತ್ರವನ್ನು ಎರಡೆರಡು ಸಲ, ಉಳಿದ 10ನ್ನು ಮೂರು ಮೂರು ಸಲ ತೋರಿಸಿ ಲೆಕ್ಕ ಸರಿದೂಗಿಸುತ್ತದೆ. ನಿಂತವರ ಮೇಲೆ ಇದು ಗೊತ್ತಾಗುವುದಿಲ್ಲ. ಕ್ಯಾಮೆರಾ ಅಡ್ಡಕ್ಕೆ ಸರಿದಾಗ ಗದ್ದೆ ಕುಲುಕುತ್ತದೆ. ಸಿನಿಮಾಗಳು 24ರ ಲೆಕ್ಕದವು, ಅವಕ್ಕೂ ಇದೇ ಪಾಡು. ಬಾಕ್ಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’ ಅನ್ನುವುದಿರುತ್ತದೆ, ಕೋಡಿ ಅನ್ನುವ ವಿಡಿಯೊ ಆ್ಯಪಿನಲ್ಲೂ ಅಂಥದ್ದೊಂದಿದೆ. ಅದನ್ನು ಆನ್ ಮಾಡಿದರೆ, ಆ್ಯಪೂ ಸಹಕರಿಸಿದರೆ, ಪ್ರತಿ ವಿಡಿಯೊಗೂ ತಕ್ಕ ತಾಳ ಬಾಕ್ಸೇ ಹಿಡಿಯುತ್ತದೆ. ಶುರುವಿನಲ್ಲಿ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಕರೆಂಟ್ ಹೋಯಿತು ಅಂತ ಎದ್ದು ಹೋಗಬೇಡಿ.

ಭಾವಮೈದ ಅಷ್ಟರಲ್ಲೇ ಟಿವಿ ರಿಮೋಟ್ ಹಿಡಿದು ‘ಮೋಷನ್ ಸ್ಮೂತ್’ ಒತ್ತಿಬಿಟ್ಟಿದ್ದ. ಅದು ಇಲ್ಲದ ಚಿತ್ರಗಳನ್ನು ತಾನೇ ಕಲ್ಪಿಸಿಕೊಂಡು ನಡುನಡುವೆ ತುಂಬುತ್ತದೆ. ಕುಲುಕಾಟ ನಿಂತಿತು, ಆದರೆ ಮದುವೆ ಸಂಜೆ ಏಳೂವರೆಯ ಧಾರಾವಾಹಿ ಆಯಿತು. ತಾಳಿ ಕಟ್ಟುವ ಬೆರಳಿನ ಸುತ್ತ ಇನ್ನೊಂದು ಬೆರಳಿನ ನೆರಳು. ಆಫ್ ಮಾಡಿಸಿದೆ.

ಬಣ್ಣದ ಜಗಳ ಇದಕ್ಕಿಂತ ದೊಡ್ಡದು. ಅಂಗಡಿಯ ಬೆಳಕಿನಲ್ಲಿ ಕಣ್ಣಿಗೆ ಹೊಡೆಯಲಿ ಅಂತ ಇಟ್ಟ ‘ವಿವಿಡ್’ ಮೋಡು ಮನೆಗೆ ಬಂದ ಮೇಲೂ ಹಾಗೇ ಇರುತ್ತದೆ. ನಮ್ಮ ಮಾವ ಹೊಗೆಸೊಪ್ಪು ಗ್ರೇಡಿಂಗಿಗೆ ಕೂತರೆ ನೋಡಬೇಕು. ಎಲೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಇದು ನಿಂಬೆ ಹಳದಿ, ಇದು ಕಿತ್ತಳೆ ಕಡೆ ತಿರುಗಿದೆ, ಇದು ಲೋ ಗ್ರೇಡ್ ಅಂತ ಮಾತಾಡದೆ ಎಸೆಯುತ್ತಾ ಹೋಗುತ್ತಾರೆ. ಅದೇ ಮಾವ ಟಿವಿಯಲ್ಲಿ ಸೊಸೆಯ ಮುಖ ಪೂರ್ತಿ ಕಿತ್ತಳೆಯಾಗಿದ್ದರೂ ‘ಕಲರ್ ಚೆನ್ನಾಗದೆ’ ಅಂದರು. ‘ಮಾವ, ಈ ಬಣ್ಣದ ಎಲೆ ನಿಮ್ಮ ಕೈಗೆ ಬಂದಿದ್ದರೆ ಯಾವ ಗ್ರೇಡಿಗೆ ಹಾಕ್ತಿದ್ರಿ?’ ಅಂದೆ. ಉತ್ತರ ಬರಲಿಲ್ಲ, ‘ಸಿನಿಮಾ’ ಮೋಡಿಗೆ ಅನುಮತಿ ಬಂತು. ಈ ಮೋಡು ಮೊದಲು ಮಂಕಾಗಿ, ಹಳದಿಯಾಗಿ ಕಾಣುತ್ತದೆ. ಕಣ್ಣು ಹೊಂದಿಕೊಂಡ ಮೇಲೆ ಮತ್ತೆ ವಿವಿಡ್ ಹಾಕಿ ನೋಡಿ, ನೀವೇ ಮುಖ ತಿರುಗಿಸುತ್ತೀರಿ.

ಎಚ್.ಡಿ. ಕೋಟೆಯವರಿಗೆ ಮಾತ್ರ ಬೇರೆಯದೇ ಪರೀಕ್ಷೆ ಇದೆ, ಕಪ್ಪಿನದು. ಕಬಿನಿಯ ಕಾಡಿನ ಕರಿ ಚಿರತೆ ‘ಸಾಯಾ’ನ ಫೋಟೊ 2020ರಲ್ಲಿ ಊರೂರು ಸುತ್ತಿದ್ದು ನೆನಪಿರಬೇಕು. ಅದೇ ವರ್ಷ ಛಾಯಾಗ್ರಾಹಕ ಶಾಜ್ ಜಂಗ್ ಚಿತ್ರೀಕರಿಸಿದ ‘ದಿ ರಿಯಲ್ ಬ್ಲ್ಯಾಕ್ ಪ್ಯಾಂಥರ್’ ಸಾಕ್ಷ್ಯಚಿತ್ರವೂ ಬಂತು. ಕರಿ ಚಿರತೆ ಬೇರೆ ಪ್ರಾಣಿಯಲ್ಲ, ಮೈಯಲ್ಲಿ ಕಪ್ಪು ಹೆಚ್ಚಾದ ಚಿರತೆಯೇ. ಬಿಸಿಲು ಬಿದ್ದಾಗ ಆ ಕಪ್ಪಿನೊಳಗೆ ಚುಕ್ಕೆಗಳು ಕಾಣುತ್ತವೆ. ನಿಮ್ಮ ಟಿವಿಯಲ್ಲಿ ಕಾಣುತ್ತವೆಯೇ? ವಿಡಿಯೊದಲ್ಲಿ ಕಪ್ಪನ್ನು 16, ಬಿಳಿಯನ್ನು 235 ಅಂತ ಇಡುವುದು ರೂಢಿ, ಇದಕ್ಕೆ ‘ಲಿಮಿಟೆಡ್’ ಅನ್ನುತ್ತಾರೆ. ಕಂಪ್ಯೂಟರಿನ ರೂಢಿ 0ಯಿಂದ 255, ಅದು ‘ಫುಲ್’. ಬಾಕ್ಸ್ ಫುಲ್ ಕಳಿಸಿ ಟಿವಿ ಲಿಮಿಟೆಡ್ ಅಂದುಕೊಂಡರೆ 16ರ ಕೆಳಗಿನದೆಲ್ಲ ಒಂದೇ ಮಸಿ, ಚಿರತೆ ಹೋಗಿ ಕಾಡಿನಲ್ಲೊಂದು ತೂತು ಉಳಿಯುತ್ತದೆ. ತಿರುಗಾಮುರುಗಾ ಆದರೆ ಕರಿ ಚಿರತೆ ಬೂದು ಬೆಕ್ಕು. ಎರಡೂ ಕಡೆ ಒಂದೇ ಇರಲಿ, ‘ಲಿಮಿಟೆಡ್’ ಸಾಕು. ‘ಫುಲ್’ ಅನ್ನುವ ಹೆಸರು ನೋಡಿ ಆಸೆ ಪಡಬೇಡಿ, ಊಟದ ಲೆಕ್ಕ ಇಲ್ಲಿಲ್ಲ.

ಸಣ್ಣಪುಟ್ಟದ್ದು ಬೇಗ ಮುಗಿಸುತ್ತೇನೆ. ಮಾತು ಕೇಳದೆ ಬರೀ ಹಾಡು ಅಬ್ಬರಿಸಿದರೆ, ಅಥವಾ ಶಬ್ದವೇ ಬರದಿದ್ದರೆ, ಬಾಕ್ಸ್ ಡಾಲ್ಬಿಯನ್ನು ಹಾಗೇ ದಾಟಿಸುತ್ತಿರಬಹುದು, ಸೌಂಡ್‌ಬಾರ್ ಇಲ್ಲದವರು ‘ಸ್ಟೀರಿಯೊ ಪಿಸಿಎಂ’ಗೆ ಹಾಕಿ. 4ಕೆ ಒಟಿಟಿಗೆ ನೆಟ್‌ಫ್ಲಿಕ್ಸ್ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್. ಮಗಳ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂತರೆ ಮಗಳು ಎದ್ದು ಹೋದಾಗ ಸಿನಿಮಾವೂ ಎದ್ದು ಹೋಗುತ್ತದೆ. ಟಿವಿಯ ಅಂಚಿನಲ್ಲಿ ಮದುವೆ ಮಂಟಪದವರ ಕಾಲು ಕತ್ತರಿಸಿದ್ದರೆ ‘ಜಸ್ಟ್ ಸ್ಕ್ಯಾನ್’ ಹುಡುಕಿ. ಇನ್ನು ಬಾಕ್ಸಿನ ಮೇಲೆ ಕ್ರೋಶಾ ಹೊದಿಕೆ ಹಾಕುವ ಅತ್ತೆಯಂದಿರಿಗೆ ಒಂದು ನಮಸ್ಕಾರ. ಅದಕ್ಕೆ ಚಳಿ ಆಗೋಲ್ಲ, ಸೆಕೆ ಆಗುತ್ತದೆ. ಬಿಸಿಯಾದರೆ ನಿಧಾನವಾಗುತ್ತದೆ.

ಕೊನೆಗೆ ಚಿತ್ರದ ಆಕಾರದ ಮಾತು. ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಿಂದ ಹಾಲಿವುಡ್‌ವರೆಗೆ ಹೋದವನು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ನಮ್ಮ ಮೈಸೂರು ಸೀಮೆಗೇ ಬಂದು ಅದರ ಹೊರಾಂಗಣ ದೃಶ್ಯಗಳನ್ನು ತೆಗೆದ, ಸ್ಟುಡಿಯೊ ಭಾಗವನ್ನು ಇಂಗ್ಲೆಂಡಿನಲ್ಲಿ ಜೋಲ್ಟಾನ್ ಕೊರ್ಡಾ ತೆಗೆದ. ಕಪ್ಪುಬಿಳುಪು, ಹಳೆಯ 4:3ರ ಹತ್ತಿರದ ಚೌಕ. ಈಗಿನ 16:9 ಟಿವಿಯಲ್ಲಿ ಹಾಕಿದರೆ ಎಡಬಲ ಕಪ್ಪು ಪಟ್ಟಿ ಬರುತ್ತದೆ, ಬರಬೇಕಾದ್ದೇ. ಭಾವಮೈದ ಸಹಿಸುತ್ತಾನೆಯೇ? ‘55 ಇಂಚಿಗೆ ದುಡ್ಡು ಕೊಟ್ಟಿದೀನಿ ಭಾವ, ಪೂರಾ ತುಂಬಬೇಕು’ ಅಂತ ಚಿತ್ರ ಎಳೆದ. ಆನೆ ಅಡ್ಡಕ್ಕೆ ಊದಿತು. ಸಾಬು ಮಾವುತನಾಗಿದ್ದವನು ಪೈಲ್ವಾನನಾದ.

ದುಡ್ಡು ಕೊಟ್ಟಿದ್ದೀರಿ, ನಿಜ. ಕಾರಾಪುರದ ಹುಡುಗನನ್ನು ಹಿಗ್ಗಿಸುವ ಹಕ್ಕು ಆ ಬಿಲ್ಲಿನಲ್ಲಿ ಸೇರಿಲ್ಲ. ರಿಮೋಟಿನಲ್ಲಿ ‘ಒರಿಜಿನಲ್’ ಒತ್ತಿ, ರಿಮೋಟನ್ನು ಭಾವಮೈದನ ಕೈಗೆ ಸಿಗದ ಕಡೆ ಇಟ್ಟು ಕೂತು ನೋಡಿ.