ರೋಡ್ಸ್ ದೊರೆಯ ಮೆರಿಟ್ ಪಟ್ಟಿ

ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿಗೆ 1873ರಲ್ಲಿ ಸೇರಿದ ಹುಡುಗನೊಬ್ಬ ಪದವಿ ಮುಗಿಸಿದ್ದು 1881ರಲ್ಲಿ. ಅದೂ ಆನರ್ಸ್ ಅಲ್ಲ, ಬರೀ ಪಾಸು. ನಮ್ಮೂರಲ್ಲಾಗಿದ್ದರೆ ಮದುವೆಮನೆಯಲ್ಲಿ ಕಂಡ ಸೋದರಮಾವಂದಿರೆಲ್ಲ ‘ಈ ಸಲವಾದ್ರೂ ಆಯ್ತೇನಪ್ಪಾ?’ ಎಂದು ಕೇಳಿ ಕೇಳಿಯೇ ಪ್ರಾಣ ಹಿಂಡುತ್ತಿದ್ದರು. ಆದರೆ ಈ ಮಹಾಶಯ ಸಾಯುವಾಗ ಜಾಣ ಹುಡುಗರಿಗೆಂದು ವಿದ್ಯಾರ್ಥಿವೇತನ ಬರೆದಿಟ್ಟ. ಹೆಸರು ಸೆಸಿಲ್ ರೋಡ್ಸ್. 1902ರಲ್ಲಿ ಅವನು ಸತ್ತಾಗಿನಿಂದ ಇವತ್ತಿನವರೆಗೆ ‘ರೋಡ್ಸ್ ಸ್ಕಾಲರ್’ ಎಂದರೆ ಪ್ರತಿಭೆಯ ಮೇಲೆ ಒತ್ತಿದ ಹಾಲ್‌ಮಾರ್ಕು. ಆ ಮುದ್ರೆ ಅವನಿಗೇ ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ಪಾಪ, ಓದಲು ಬಿಡುವಾದರೂ ಎಲ್ಲಿತ್ತು? ನಡುನಡುವೆ ಹಡಗು ಹತ್ತಿ ದಕ್ಷಿಣ ಆಫ್ರಿಕದ ಕಿಂಬರ್ಲಿಗೆ ಹೋಗಿ ವಜ್ರ ಅಗೆಸಬೇಕಿತ್ತು.

ಮೆರಿಟ್ ಎಂದರೇನು ಅಂತ ಉಯಿಲಿನಲ್ಲಿ ಅವನೇ ಬಿಡಿಸಿ ಹೇಳಿದ್ದಾನೆ. ಓದು ಬೇಕು, ಪುಸ್ತಕದ ಹುಳು ಬೇಡ. ಕ್ರಿಕೆಟ್ಟು, ಫುಟ್‌ಬಾಲಿನಂಥ ಗಂಡಸರ ಆಟ ಬರಬೇಕು. ನಾಯಕತ್ವ ಇರಬೇಕು. ಜೊತೆಗೆ ಸತ್ಯ, ಧೈರ್ಯ, ದುರ್ಬಲರ ರಕ್ಷಣೆ.

ದುರ್ಬಲರ ರಕ್ಷಣೆ! ಇಲ್ಲಿ ಸ್ವಲ್ಪ ನಿಲ್ಲೋಣ. ಅವನ ಡಿ ಬೀರ್ಸ್ ಕಂಪನಿಯ ಗಣಿಗಳಲ್ಲಿ ಆಫ್ರಿಕದ ಕೂಲಿಯಾಳುಗಳನ್ನು ಕರಾರು ಮುಗಿಯುವವರೆಗೆ ಎತ್ತರದ ಬೇಲಿಯೊಳಗೆ ಕೂಡಿಡುತ್ತಿದ್ದರು. ಯಾರೂ ವಜ್ರವನ್ನು ಆಚೆಗೆ ಎಸೆಯದಿರಲಿ ಎಂದು ತಲೆಯ ಮೇಲೂ ತಂತಿಬಲೆ. ಕರಾರು ಮುಗಿಸಿ ಊರಿಗೆ ಹೊರಟವನನ್ನು ಬೆತ್ತಲೆ ಮಾಡಿ ದಿನಗಟ್ಟಲೆ ಕೂರಿಸಿ, ಕಲ್ಲು ನುಂಗಿದ್ದಾನೇನೋ ಎಂದು ಮಲವನ್ನೂ ಜಾಲಾಡುತ್ತಿದ್ದರು. ಇಷ್ಟು ಬಿಗಿಯಾದ ರಕ್ಷಣೆ ದುರ್ಬಲರಿಗೆ ಇನ್ನೆಲ್ಲಿ ಸಿಕ್ಕೀತು? ಗೋವು ಕೊಂದು ಚಪ್ಪಲಿ ದಾನ ಮಾಡುವವರನ್ನು ನಾವು ಕಂಡಿದ್ದೇವೆ. ಚಪ್ಪಲಿ ಹಾಕಿಕೊಳ್ಳುವವನಿಗೆ ಗೋವಿನ ಮೇಲೆ ಕರುಣೆ ಇರಬೇಕು ಅಂತ ಷರತ್ತು ಹಾಕಿದವನು ಇವನೊಬ್ಬನೇ.

ಗಂಡಸರ ಆಟ ಬಾರದ ತಪ್ಪಿಗೆ ಹುಡುಗಿಯರು 1977ರವರೆಗೆ ಹೊರಗೇ ನಿಂತರು. ಅಂದರೆ ಎಪ್ಪತ್ತೈದು ವರ್ಷ ಹೆಣ್ಣುಮಕ್ಕಳಲ್ಲಿ ಮೆರಿಟ್ ಎನ್ನುವುದು ಪತ್ತೆಯೇ ಆಗಿರಲಿಲ್ಲ. ಅದನ್ನು ಪತ್ತೆಮಾಡಿದ್ದು ವಿಜ್ಞಾನಿಗಳಲ್ಲ, ಬ್ರಿಟನ್ನಿನ ಹೊಸ ಕಾನೂನು.

ಈಗ ಆಟದ ಷರತ್ತು ಸಡಿಲವಾಗಿದೆ. ಆದರೆ ಅಂತಿಮ ಸಂದರ್ಶನಕ್ಕೆ ಮುಂಚೆ ಅಭ್ಯರ್ಥಿಗಳೂ ಆಯ್ಕೆಗಾರರೂ ಒಟ್ಟಿಗೆ ಕಲೆತು ಹರಟುವ ಒಂದು ಕೂಟ ಇರುತ್ತದೆ. ಸುಮ್ಮನೆ ಪರಿಚಯಕ್ಕಂತೆ. ಹೆಣ್ಣು ನೋಡಲು ಬಂದವರು ‘ಸುಮ್ಮನೆ ಕಾಫಿ ಕುಡಿದು ಹೋಗೋಣ ಅಂತ ಬಂದ್ವಿ’ ಅನ್ನುವುದಿಲ್ಲವೇ, ಹಾಗೆ. ಮುಳ್ಳುಚಮಚ ಎಡಗೈಗೋ ಬಲಗೈಗೋ ಎಂದು ಜೀವನದಲ್ಲಿ ಮೊದಲ ಸಲ ಯೋಚಿಸುತ್ತಿರುವ ತಾಲೂಕು ಕಾಲೇಜಿನ ಹುಡುಗಿ ಅಲ್ಲಿ ಎಷ್ಟು ‘ಸುಮ್ಮನೆ’ ಇರಬಲ್ಲಳು, ನೀವೇ ಹೇಳಿ.

ದುಡ್ಡು ಮಾತ್ರ ಒಡೆಯನ ಮಾತು ಕೇಳಿಲ್ಲ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ, ಅಂಕ ಚೆನ್ನಾಗಿ ಬರುತ್ತದೆ ಎಂಬ ಲೆಕ್ಕಾಚಾರದಲ್ಲೇ ಗಣಿತ ಹಿಡಿದ ಗಿರೀಶ ಕಾರ್ನಾಡರು 1960ರಲ್ಲಿ ಇದೇ ಹಣದಲ್ಲಿ ಆಕ್ಸ್‌ಫರ್ಡಿಗೆ ಹೋದರು. ರೋಡ್ಸ್ ಬಯಸಿದ್ದು ಬ್ರಿಟಿಷ್ ಸಾಮ್ರಾಜ್ಯ ಕಾಯುವ ಆಳುಗಳನ್ನು. ಬಂದವರು, ಹೊರಡುವ ಗಡಿಬಿಡಿಯಲ್ಲೇ ‘ಯಯಾತಿ’ ಬರೆದವರು, ಅದೂ ಕನ್ನಡದಲ್ಲಿ.

ಓರಿಯಲ್ ಕಾಲೇಜಿನ ಗೋಡೆಯ ಮೇಲೆ ರೋಡ್ಸ್ ಪ್ರತಿಮೆಯಾಗಿ ಈಗಲೂ ನಿಂತಿದ್ದಾನೆ. ತೆಗೆಯುವುದೇ ಸರಿ ಎಂದು ಕಾಲೇಜೇ ನೇಮಿಸಿದ ಆಯೋಗದ ಬಹುಮತ 2021ರಲ್ಲಿ ಹೇಳಿತು. ಕಾಲೇಜು ಖರ್ಚು, ಕಾನೂನಿನ ತೊಡಕು ಎಂದು ರಾಗ ಎಳೆಯಿತು. ಹತ್ತಿಸಲು ದುಡ್ಡಿತ್ತು, ಇಳಿಸಲು ಇಲ್ಲ.

ನಿಮ್ಮ ಮನೆಯಲ್ಲಿ ಜಾಣ ಹುಡುಗಿ ಇದ್ದರೆ ದಯವಿಟ್ಟು ಅರ್ಜಿ ಹಾಕಿಸಿ. ಋಣದ ಸಂಕೋಚ ಬೇಡ. ಅದು ಕಿಂಬರ್ಲಿಯ ಕೂಲಿಯವರ ದುಡ್ಡು.